ತೆನೆ ಕಟ್ಟುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಹೊಸ ಭತ್ತದ ತೆನೆಯನ್ನು ಎಲೆಗಳಲ್ಲಿ ಸುತ್ತಿ ಮನೆ, ತೋಟದಲ್ಲೆಲ್ಲ ಕಟ್ಟುವ ನಮ್ಮ ಕಡೆಯ ಪದ್ಧತಿಯ ಬಗ್ಗೆ ಎರಡು ಮಾತು. ಅಡಿಕೆಗೆ ಧಾರಣೆ ಬಂದ ವರ್ಷವೇ ತೆನೆ ಕಟ್ಟಲು ಪುರುಸೊತ್ತು ಇರುವುದಿಲ್ಲ! ಕಷ್ಟಕ್ಕೆ ಹೊತ್ತ ಹರಕೆ ಮಾತ್ರ ನೆನಪಿರುತ್ತದೆ.

ದೇವಸ್ಥಾನದಿಂದ ತಂದ ತೆನೆಯ ನೀರು ಕೊಡವಿ, ನೆರಳಲ್ಲಿ ಆರಿಸಿಯೇ ಕಟ್ಟಿ. ತೆನೆಗೆ ಸುತ್ತುವ ಮಾವು, ಹಲಸು, ಅಶ್ವತ್ಥದ ಎಲೆಯ ಒಳಗೆ ಒದ್ದೆ ಉಳಿದರೆ ಬೂಸ್ಟು ಹಿಡಿಯುತ್ತದೆ, ಕಾಳು ಮೊಳೆಯುವುದೂ ಉಂಟು. ತುಳಸಿಕಟ್ಟೆ, ಬಾವಿ, ದನದ ಹಟ್ಟಿ, ತೆಂಗಿನಮರ ಎಲ್ಲ ಆದ ಮೇಲೆ ಕಾರು. ಕಾರಿನಿಂದಲೇ ಶುರು ಬೇಡ ಮಾರಾಯ್ರೆ.

ಹೊಸ ಅಕ್ಕಿ ಊಟಕ್ಕೆ ಗದ್ದೆ ಇಲ್ಲದವರು ತೆನೆಯಿಂದ 9 ಕಾಳು ಉಗುರಲ್ಲೇ ಸುಲಿದು ಅನ್ನದ ಅಕ್ಕಿಗೆ ಸೇರಿಸಿದರೂ ಆಯಿತು. ಪಾಯಸಕ್ಕೆ ದಪ್ಪ ಕಾಯಿಹಾಲು ಹಾಕಿದ ಮೇಲೆ ಕುದಿಸಬೇಡಿ, ಒಡೆಯುತ್ತದೆ.

ಇನ್ನು ಹರಕೆಯ ಹಣ: ಅಡಿಕೆ ಮಾರಿದ ದಿನವೇ ಮುಡಿಪು ಕಟ್ಟಿ ದೇವರ ಕೋಣೆಯಲ್ಲಿಡಿ, 11 ರೂಪಾಯಿಯಾದರೂ ಸರಿ. ಬ್ಯಾಂಕಿಗೆ ಹಾಕಿದರೆ ಸಾಲದ ಕಂತಿಗೆ ಹೋಗಿಬಿಡುತ್ತದೆ.