ಮಾಣಿಯನ್ನು ಶಾಲೆ ಬಿಡಿಸುವ ಮೊದಲು

ಪಿಟ್ಸ್‌ಬರ್ಗ್, ಪೆನ್ಸಿಲ್ವೇನಿಯ

ಪೂಜ್ಯ ಅಣ್ಣನಿಗೆ ತಂಗಿ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.

ಉಪನಯನವಾದ ಮೇಲೆ ಮಾಣಿಯನ್ನು ಊರಿನ ಸರ್ಕಾರಿ ಶಾಲೆಯಿಂದ ಬಿಡಿಸಿ, ಮನೆಯಲ್ಲೇ ವೇದಮಂತ್ರದ ಜೊತೆಗೆ ಗಣಿತ, ವಿಜ್ಞಾನಗಳನ್ನೂ ಹೇಳಿಕೊಡುವ ಯೋಚನೆಯಿದೆ, ಅಮೆರಿಕದಲ್ಲಿ ಹಾಗೆ ಮಾಡುವವರು ಬಹಳ ಮಂದಿ ಇದ್ದಾರಂತಲ್ಲ ಎಂದು ನೀನು ಬರೆದಿದ್ದೆ. ಇದ್ದಾರೆ. ನಮ್ಮ ಪಕ್ಕದ ಮನೆಯವರೇ ದಿನವೂ ಬೈಬಲ್ ಓದಿನಿಂದ ಆರಂಭಿಸಿ ನಾಲ್ಕು ಮಕ್ಕಳಿಗೆ ಊಟದ ಮೇಜಿನಲ್ಲಿ ಪಾಠ ಹೇಳುತ್ತಾರೆ. ಸರ್ಕಾರಿ ಶಾಲೆಗಳು ಏರ್ಪಡಿಸುವ ಪ್ರಾರ್ಥನೆಯನ್ನು 1962ರಲ್ಲಿ, ಬೈಬಲ್ ಪಠಣವನ್ನು 1963ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿದ ಮೇಲೆ, ಅಂಥ ಶಾಲೆಗೆ ಮಕ್ಕಳನ್ನು ಕಳಿಸಲು ಮನಸ್ಸೊಪ್ಪದ ಹಲವರು ಮುಂದೆ ಈ ದಾರಿ ಹಿಡಿದರು. ಪಕ್ಕದ ಮನೆಯ ಮಕ್ಕಳ ಓದು, ನಡತೆ ಎರಡೂ ನನಗೆ ಮೆಚ್ಚುಗೆಯಾಗಿದೆ.

ಆದರೆ ಆ ತಾಯಿ ಇಟ್ಟಿರುವ ಕಡತಗಳನ್ನು ನೀನು ನೋಡಬೇಕಿತ್ತು. 1988ರ ಕಾಯ್ದೆಯ ಪ್ರಕಾರ ಈ ರಾಜ್ಯದಲ್ಲಿ ಮನೆಪಾಠ ಹೇಳುವವರು ವರ್ಷಕ್ಕೆ 180 ದಿನ, ಇಲ್ಲವೇ ಪ್ರಾಥಮಿಕ ತರಗತಿಗಳಿಗೆ 900 ಗಂಟೆ ಕಲಿಸಬೇಕು; 3, 5 ಮತ್ತು 8ನೇ ತರಗತಿಯಲ್ಲಿ ಪರೀಕ್ಷೆ ಬರೆಸಬೇಕು; ವರ್ಷದ ಕೊನೆಗೆ ತಂದೆತಾಯಿಯಲ್ಲದ, ಅರ್ಹತೆಯುಳ್ಳ ಒಬ್ಬರು ಮಗುವಿನ ಬರಹವನ್ನೆಲ್ಲ ನೋಡಿ, ಮಗುವನ್ನೇ ಮಾತನಾಡಿಸಿ, ಕಲಿಕೆ ಸರಿಯಾಗಿದೆಯೆಂದು ಬರೆದುಕೊಡಬೇಕು. ಟೆಕ್ಸಾಸಿನಲ್ಲಿ ಇಂಥ ಲೆಕ್ಕ ಒಪ್ಪಿಸಬೇಕಾಗಿಲ್ಲ. ನನಗೆ ಪೆನ್ಸಿಲ್ವೇನಿಯದ ಕ್ರಮವೇ ಸರಿಯೆನಿಸುತ್ತದೆ, ಏಕೆಂದರೆ ಮಗು ಹಿಂದೆ ಬಿದ್ದರೆ ಮನೆಯವರ ಕಣ್ಣಿಗೆ ಅದು ಕಾಣುವುದು ಕೊನೆಗೆ.

ನಮ್ಮಲ್ಲಿ 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯವೆನ್ನುತ್ತದೆ. 2012ರ ತಿದ್ದುಪಡಿ ವೇದಪಾಠಶಾಲೆಗಳನ್ನು ಅದರಿಂದ ಹೊರಗಿಟ್ಟಿತು, ನಿಜ. ಆದರೆ ನಮ್ಮ ಜಗಲಿ ಪಾಠಶಾಲೆಯಲ್ಲ, ಅಲ್ಲಿ ನಡೆಯುವ ಪಾಠವನ್ನು ಬಂದು ನೋಡುವವರೂ ಇಲ್ಲ. ಕೊನೆಕೊಯ್ಲು ಶುರುವಾದರೆ ಅತ್ತಿಗೆಗೆ ಆಳುಗಳ ಊಟತಿಂಡಿಯಲ್ಲೇ ಹೊತ್ತು ಹೋಗುತ್ತದೆ, ನಿನಗೆ ಅಡಿಕೆ ಬೇಯಿಸಿ ಒಣಗಿಸುವುದರಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಸುವ ದಿನಗಳಲ್ಲಿ ಮಾಣಿಗೆ ಭಿನ್ನರಾಶಿ ಹೇಳಿಕೊಡುವವರು ಯಾರು?

ಇನ್ನೊಂದು ಮಾತು ಬರೆಯಲೇಬೇಕು. ಆ ಶಾಲೆಯಲ್ಲಿ ಅವನು ಎಲ್ಲ ಕೇರಿಗಳ ಮಕ್ಕಳೊಂದಿಗೆ ಒಂದೇ ಸಾಲಿನಲ್ಲಿ ಬಿಸಿಯೂಟಕ್ಕೆ ಕೂರುತ್ತಾನೆ. ಎಷ್ಟು ಮಂತ್ರ ಬಾಯಿಗೆ ಬಂದರೂ ಮನೆಯೊಳಗೆ ಆ ಪಾಠ ಸಿಕ್ಕದು.

ಅಜ್ಜಯ್ಯ ಬೆಳಗಿನ ಜಾವ ಎಬ್ಬಿಸಿ ನಿನಗೆ ಪುರುಷಸೂಕ್ತ, ನನಗೆ ಅಮರಕೋಶ ಬಾಯಿಪಾಠ ಮಾಡಿಸಿ, ಮಳೆಯಿರಲಿ ಬಿಸಿಲಿರಲಿ, ಸಂಕ ದಾಟಿಸಿ ಶಾಲೆಗೆ ಕಳಿಸುತ್ತಿದ್ದರು. ನಮ್ಮ ಶ್ರದ್ಧೆ ಅದರಿಂದ ಕುಂದಲಿಲ್ಲ. ಮಾಣಿಗೂ ಹಾಗೆಯೇ ಮಾಡು. ಪ್ರತಿ ಭಾನುವಾರ ಸಂಜೆ ಫೋನಿನಲ್ಲಿ ಅವನ ಲೆಕ್ಕ ನೋಡುವ ಜವಾಬ್ದಾರಿ ನನಗಿರಲಿ. ಅತ್ತಿಗೆಯ ಅಭಿಪ್ರಾಯವನ್ನೂ ಕೇಳಿ ಉತ್ತರ ಬರೆ.

ಇಂತಿ,
ನಿನ್ನ ತಂಗಿ