ಜೊತೆಗಿರುವುದೂ ದುಡಿಮೆಯೇ

ಮಾನ್ಯ ಸಂಪಾದಕರೇ,

19ನೇ ಶತಮಾನದ ಇಂಗ್ಲೆಂಡಿನಲ್ಲಿ ಆಸ್ತಿಯಿಲ್ಲದ ಕುಲೀನ ಮನೆತನದ ಹೆಣ್ಣುಮಕ್ಕಳಿಗೆ ಮರ್ಯಾದೆಯ ಜೀವನೋಪಾಯವೆಂದರೆ ಮನೆಪಾಠ, ಇಲ್ಲವೇ ಶ್ರೀಮಂತ ಮಹಿಳೆಯ ಒಡನಾಡಿಯ ಕೆಲಸ. ಒಡತಿಯೊಂದಿಗೇ ಉಣ್ಣುತ್ತ, ಆಕೆಗೆ ಪುಸ್ತಕ ಓದಿ ಹೇಳುತ್ತ, ಹೆಂಗಸರು ಒಂಟಿಯಾಗಿ ಹೊರಹೋಗುವುದು ಸಲ್ಲದೆನಿಸಿದ್ದ ಕಾಲದಲ್ಲಿ ಜೊತೆಗೆ ನಡೆಯುತ್ತಿದ್ದ ಈಕೆ ಸೇವಕಿಯೂ ಅಲ್ಲ, ಸರೀಕಳೂ ಅಲ್ಲ; ಪಡೆದ ಹಣವನ್ನು ಸಂಬಳವೆನ್ನದೆ ಭತ್ಯೆಯೆನ್ನುತ್ತಿದ್ದರು. ಆ ಪದದಲ್ಲೇ ಆಕೆಯ ಮಾನವೂ ಅಸಹಾಯಕತೆಯೂ ಅಡಗಿದ್ದವು.

ಮಕ್ಕಳು ಬೆಂಗಳೂರು ಸೇರಿದ ಮೇಲೆ ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ ಒಂಟಿಯಾದ ವೃದ್ಧೆಯರ ಜೊತೆಗಿರಲು ಬರುವ ಹೆಂಗಸರನ್ನು ಕಂಡಾಗ (ನನ್ನ ತಾಯಿಯ ಕೊನೆಯ ವರ್ಷಗಳೂ ಹಾಗೆಯೇ ಕಳೆದವು) ಇದು ನೆನಪಾಗುತ್ತದೆ. ಅವರ ಅಡುಗೆ, ಆರೈಕೆಗೆ ಲೆಕ್ಕವಿದೆ. ಕವಳದ ತಟ್ಟೆಯ ಮುಂದೆ ಕೂತು ಆಡುವ ಮಾತಿಗಿಲ್ಲ. ಅವರಿಗೆ ವಾರದ ರಜೆಯನ್ನೂ ಲಿಖಿತ ಒಪ್ಪಂದವನ್ನೂ ಮನೆಯವರು ಕೊಡಬೇಕು.

– ನಿವೃತ್ತ ಶಿಕ್ಷಕಿ, ಶಿರಸಿ