ಹಣವಂತಿಕೆಯೂ ಸಮೃದ್ಧ ಬದುಕೂ

ಮಾನ್ಯ ಸಂಪಾದಕರೇ,

‘ಹಣದಲ್ಲೇನಿದೆ’ ಎಂಬ ಉಪದೇಶವನ್ನು ಹೊಟ್ಟೆ ತುಂಬಿದವರೇ ಹೆಚ್ಚಾಗಿ ಮಾಡುವುದರಿಂದ ಅದನ್ನು ತುಸು ಅನುಮಾನದಿಂದಲೇ ಕೇಳಬೇಕಾಗುತ್ತದೆ. ಅಮೆರಿಕನ್ನರನ್ನು ಕುರಿತು ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್ 2010ರಲ್ಲಿ ಪ್ರಕಟಿಸಿದ ಅಧ್ಯಯನವು, ವಾರ್ಷಿಕ ವರಮಾನ ಸುಮಾರು 75,000 ಡಾಲರ್ ದಾಟಿದ ಮೇಲೆ ದಿನನಿತ್ಯದ ಸಂತೋಷ ಹೆಚ್ಚುವುದಿಲ್ಲ ಎಂದಿತ್ತು. ಆದರೆ 2023ರಲ್ಲಿ ಕಾನೆಮನ್ ಅವರೇ ಇತರರೊಡನೆ ಸೇರಿ ಮರುಪರಿಶೀಲಿಸಿದಾಗ, ಬಹುಪಾಲು ಜನರ ಸಂತೋಷ ಆ ಮಿತಿಯ ಆಚೆಗೂ ಏರುತ್ತಲೇ ಹೋಗುವುದು, ಅತ್ಯಂತ ಅಸುಖಿಗಳಾದ ಶೇ 20ರಷ್ಟು ಮಂದಿಯಲ್ಲಿ ಮಾತ್ರ ಅದು ಒಂದು ಹಂತದಲ್ಲಿ ನಿಂತುಬಿಡುವುದು ಕಂಡುಬಂತು. ಆಪ್ತರ ಅಗಲಿಕೆ, ಖಿನ್ನತೆಯಂಥ ನೋವುಗಳು ಹಣಕ್ಕೆ ಬಗ್ಗುವುದಿಲ್ಲ ಎಂದೇ ಇದನ್ನು ಅರ್ಥೈಸಬಹುದು.

ಹಣ ಬೇಡವೆಂದು ಇದರರ್ಥವಲ್ಲ. ಸಾಲ, ಬಾಡಿಗೆ, ಔಷಧಿಯ ಚಿಂತೆ ನೀಗಿದಾಗಲೇ ಮನುಷ್ಯ ನಿಶ್ಚಿಂತೆಯಿಂದ ನಿದ್ರಿಸುತ್ತಾನೆ. ಆದರೆ ಆ ಚಿಂತೆ ನೀಗಿದ ಮೇಲೂ ಎದುರಿಗೆ ಮಗು ಏನನ್ನೋ ಹೇಳುತ್ತಿದ್ದರೂ, ತಟ್ಟೆಯ ಅನ್ನ ಆರುತ್ತಿದ್ದರೂ, ಮೊಬೈಲ್‌ನಲ್ಲಿ ಷೇರು ಬೆಲೆಯ ಏರಿಳಿತವನ್ನೇ ನೋಡುತ್ತ ಕೂರುವವರನ್ನು ಸಿರಿವಂತರೆನ್ನಲು ನನಗೆ ಮನಸ್ಸು ಬರುವುದಿಲ್ಲ. ಹಣ ಕೊಡಬಲ್ಲ ಅತ್ಯಮೂಲ್ಯ ವಸ್ತು ಬಿಡುವು. ಅದನ್ನೇ ಮಾರಿ ಮತ್ತಷ್ಟು ಹಣ ಮಾಡುವುದು ವಿಚಿತ್ರ ವ್ಯಾಪಾರ. ಹಾರ್ವರ್ಡ್‌ನಲ್ಲಿ 1938ರಿಂದ ನಡೆದುಬಂದಿರುವ ದೀರ್ಘ ಅಧ್ಯಯನವೂ ಆರೋಗ್ಯಕ್ಕೂ ನೆಮ್ಮದಿಗೂ ಆಪ್ತ ಸಂಬಂಧಗಳೇ ಮುಖ್ಯ ಆಧಾರವೆಂದು ಗುರುತಿಸಿದೆ, ಮತ್ತು ಸಂಬಂಧಗಳು ಬೇಡುವುದು ಸಮಯವನ್ನೇ.

ಹೂಡಿಕೆಯನ್ನು ಬೆಳೆಸುವ ಬಗೆಯನ್ನು ವಾರವಾರವೂ ತಿಳಿಸುವ ವಾಣಿಜ್ಯ ಪುಟಗಳು, ಎಷ್ಟಾದರೆ ಸಾಕು ಎಂದು ಕುಟುಂಬವೊಂದು ಲೆಕ್ಕಹಾಕುವ ಬಗೆಯನ್ನೂ ಆಗೊಮ್ಮೆ ಈಗೊಮ್ಮೆ ಚರ್ಚಿಸಬೇಕೆಂದು ಕೋರುತ್ತೇನೆ.

— ಓರ್ವ ಓದುಗ